ಕಾಲುವೆಯ ಏರಿಯ ಮೇಲಿನ ದಾರಿ

ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಕವಿರಾಜಮಾರ್ಗವು ದಕ್ಷಿಣಕ್ಕೆ ಕಾವೇರಿಯನ್ನೂ ಉತ್ತರಕ್ಕೆ ಗೋದಾವರಿಯನ್ನೂ ಹೆಸರಿಸುತ್ತದೆ ಎಂಬುದು ಶಾಲೆಯ ದಿನಗಳಿಂದಲೇ ನಮಗೆಲ್ಲ ತಿಳಿದ ಸಂಗತಿ. ಕಾವೇರಿ ನಮಗೆ ಮನೆಯ ನದಿ. ಗೋದಾವರಿ ಬಹುಮಂದಿಗೆ ಬರಿಯ ಹೆಸರು. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ಕೂಡ ಅದನ್ನು ಕಾಣುವುದು ಕುಂಭಮೇಳದ ಚಿತ್ರಗಳಲ್ಲಿ, ಇಲ್ಲವೆ ಶಿರಡಿಗೆ ಹೋಗುವ ಬಸ್ಸು ಸೇತುವೆಯನ್ನು ದಾಟುವ ಅರ್ಧ ನಿಮಿಷದಲ್ಲಿ. ಒಂದು ನಾಡಿನ ಎಲ್ಲೆಯನ್ನು ತಿಳಿಯಲು ಅರ್ಧ ನಿಮಿಷ ಸಾಲದು. ಕಾಲ್ನಡಿಗೆ ಬೇಕು, ಇಲ್ಲವೆ ಸೈಕಲ್ಲು ಬೇಕು. ಸೈಕಲ್ಲಿಗೆ ಹಿತವಾದ ದಾರಿ ಈ ಬಯಲಿನಲ್ಲಿ ಇದೆ. ಅದು ಹೇಗೆ ಹುಟ್ಟಿತು, ಯಾರು ಅದನ್ನು ಬಳಸಿದರು, ಈಗ ಅದರ ಪಾಡೇನು ಎಂಬುದನ್ನು ವಿಚಾರಿಸುವುದು ಈ ಬರಹದ ಉದ್ದೇಶ.

ಮೊದಲು ನೆಲದ ಲಕ್ಷಣ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟುವ ಗೋದಾವರಿ ನಾಸಿಕವನ್ನು ದಾಟಿದೊಡನೆ ಬೆಟ್ಟಗಳ ಸಹವಾಸವನ್ನು ಬಿಟ್ಟುಬಿಡುತ್ತದೆ. ನಾಸಿಕ ಸಮುದ್ರಮಟ್ಟದಿಂದ ಸುಮಾರು 580 ಮೀಟರು ಎತ್ತರದಲ್ಲಿದೆ. ಪೈಠಣದ ಜಲಾಶಯ ತುಂಬಿದಾಗ ನೀರಿನ ಮಟ್ಟ ಸುಮಾರು 464 ಮೀಟರು. ನಡುವಿನ ಹರಿವು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಂದರೆ ಕಿಲೋಮೀಟರಿಗೆ ಅರ್ಧ ಮೀಟರಿನಷ್ಟು ಇಳಿಜಾರು, ಕಾಲಿಗೆ ಗೊತ್ತಾಗದಷ್ಟು. ಎರಡೂ ಕಡೆ ಎರೆಭೂಮಿ, ಕಬ್ಬು, ಈರುಳ್ಳಿ, ದ್ರಾಕ್ಷಿ, ದೂರದಲ್ಲಿ ಮೇಜಿನಂತೆ ಚಪ್ಪಟೆ ತಲೆಯ ಗುಡ್ಡಗಳು. ವಿಜಯಪುರದ ಡೋಣಿ ಬಯಲನ್ನು ಕಂಡವರಿಗೆ ಇದು ಪರಕೀಯ ನೆಲ ಎನಿಸುವುದಿಲ್ಲ.

ಇಂಥ ಚಪ್ಪಟೆ ನದಿಬಯಲಿನಲ್ಲಿ ಸೈಕಲ್ ಪ್ರವಾಸ ಮಾಡಲು ಲೋಕದ ಜನ ಎಲ್ಲೆಲ್ಲಿಂದಲೋ ಇಟಲಿಗೆ ಹೋಗುತ್ತಾರೆ. ಅಲ್ಲಿನ ಪೊ ನದಿ 652 ಕಿಲೋಮೀಟರು ಉದ್ದದ್ದು. ಆಲ್ಪ್ಸ್ ಪರ್ವತದಿಂದ ಇಳಿದು, ಉತ್ತರ ಇಟಲಿಯ ಬಯಲನ್ನು ಹಾದು ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ಫೆರಾರಾ ಪ್ರಾಂತದಲ್ಲಿ ಆ ನದಿಯ ಬಲದಂಡೆಯ ಒಡ್ಡಿನ ಮೇಲೆ ನೂರಿಪ್ಪತ್ತು ಕಿಲೋಮೀಟರಿನಷ್ಟು ಉದ್ದದ ಸೈಕಲ್ ದಾರಿಯಿದೆ. ಗಾರ್ದಾ ಸರೋವರದ ತೀರದ ಪೆಸ್ಕಿಯೆರಾದಿಂದ ಮಾಂತುವಾ ನಗರದವರೆಗೆ ಮಿಂಚೊ ನದಿಯ ಪಕ್ಕದಲ್ಲಿ ಇನ್ನೊಂದು. ಮಿಲಾನಿನ ನಾವಿಲ್ಯೊ ಗ್ರಾಂದೆ ಎಂಬ ಮಧ್ಯಯುಗದ ಕಾಲುವೆಯ ದಂಡೆಯಲ್ಲಿ ಮತ್ತೊಂದು. ಮೋಟಾರಿನ ಸದ್ದಿಲ್ಲದೆ ಊರಿಂದೂರಿಗೆ ದಿನಗಟ್ಟಲೆ ಸಾಗಬಹುದಾದ ದಾರಿಗಳಿವು.

ಈ ದಾರಿಗಳಲ್ಲಿ ಒಂದು ಸ್ವಾರಸ್ಯವಿದೆ. ಇವು ಹುಟ್ಟಿದ್ದು ಸೈಕಲ್ ಸವಾರರಿಗಾಗಿ ಅಲ್ಲ. ನಾವಿಲ್ಯೊ ದಂಡೆಯ ದಾರಿ ದೋಣಿಯನ್ನು ಹಗ್ಗದಿಂದ ಎಳೆಯುವ ಕುದುರೆಗಳಿಗಾಗಿ ಹುಟ್ಟಿತು. ಪೊ ನದಿಯ ಒಡ್ಡಿನ ದಾರಿ ಪ್ರವಾಹ ಕಾಯುವವರಿಗೆ ಬೇಕಿತ್ತು. ಮಳೆಗಾಲದ ರಾತ್ರಿ ಒಡ್ಡಿನಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡುತ್ತ ನಡೆಯುವವರು ಬಳಸುವ ದಾರಿ ಅದು. ಆ ಕಾವಲು ಎಷ್ಟು ಗಂಭೀರವಾದದ್ದೆಂಬುದು 1951ರ ನವೆಂಬರಿನಲ್ಲಿ ಪೊಲೆಸಿನೆ ಸೀಮೆಯ ಒಡ್ಡುಗಳು ಒಡೆದು, ಲಕ್ಷಕ್ಕೂ ಮೀರಿದ ಜನ ಮನೆ ಕಳೆದುಕೊಂಡಾಗ ತಿಳಿಯಿತು. ಕುದುರೆ ಹೋಯಿತು, ಕಾವಲಿನ ರೀತಿ ಬದಲಾಯಿತು, ದಾರಿ ಉಳಿಯಿತು. ಅದನ್ನು ಮೋಟಾರಿಗೆ ಬಿಟ್ಟುಕೊಡದೆ ಸೈಕಲ್ಲಿಗೂ ನಡೆಯುವವರಿಗೂ ಇಟ್ಟುಕೊಂಡದ್ದು ಆ ನಾಡಿನವರು ತಿಳಿದು ಮಾಡಿದ ತೀರ್ಮಾನ.

ಇಟಲಿಯ ಆ ಬಯಲಿಗೂ ಭಾರತದ ಕಾಲುವೆಗಳಿಗೂ ಹಳೆಯ ನಂಟಿದೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಬಂಗಾಳದ ಎಂಜಿನಿಯರ್ ಪಡೆಯ ಬೇರ್ಡ್ ಸ್ಮಿತ್ ಎಂಬ ಅಧಿಕಾರಿಯಿಂದ ಪೀಡ್‌ಮಾಂಟ್ ಮತ್ತು ಲಂಬಾರ್ಡಿ ಪ್ರಾಂತಗಳ ಬೇಸಾಯದ ಕಾಲುವೆಗಳ ಕುರಿತು ವರದಿ ಬರೆಸಿತು. ಅದು 1852ರಲ್ಲಿ ಅಚ್ಚಾಯಿತು. ಕಾಲುವೆಯನ್ನು ಹೇಗೆ ಅಗೆಯಬೇಕೆಂಬುದರ ಜೊತೆಗೆ, ನೀರನ್ನು ಅಳೆದು ಹಂಚುವುದು ಹೇಗೆ, ರೈತರ ನಡುವಿನ ವ್ಯಾಜ್ಯಕ್ಕೆ ಅಲ್ಲಿನ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಆತ ವಿವರಿಸಿದ. ಎರಡು ವರ್ಷಗಳ ಬಳಿಕ, 1854ರಲ್ಲಿ, ಗಂಗಾ ಕಾಲುವೆ ತೆರೆಯಿತು. 1868ರಲ್ಲಿ ಸ್ಕಾಟ್ ಮಾನ್‌ಕ್ರೀಫ್ ಎಂಬ ಇನ್ನೊಬ್ಬ ಎಂಜಿನಿಯರು ದಕ್ಷಿಣ ಯುರೋಪಿನ ನೀರಾವರಿಯನ್ನು ಕುರಿತು ಬರೆದ ಪುಸ್ತಕ ಬಂತು. ಬ್ರಿಟಿಷ್ ಭಾರತದ ಕಾಲುವೆಯ ಅಧಿಕಾರಿಗಳು ಪೊ ಬಯಲನ್ನು ಪಾಠಶಾಲೆಯಂತೆ ನೋಡುತ್ತಿದ್ದ ಕಾಲವದು.

ದಖ್ಖನ್ನಿಗೆ ಕಾಲುವೆಯನ್ನು ತಂದದ್ದು ಬರಗಾಲ. ಭೀಕರ ಕ್ಷಾಮಗಳ ಸಾಲಿನಲ್ಲಿ 1876ರಿಂದ 78ರವರೆಗಿನದು ಮತ್ತು 1899–1900ರದು ಮುಂಬಯಿ ಪ್ರಾಂತದ ಒಣ ಜಿಲ್ಲೆಗಳನ್ನು ನೆಲಕಚ್ಚಿಸಿದವು. ಸಹ್ಯಾದ್ರಿಯ ನೆತ್ತಿಯ ಮೇಲೆ ಧಾರಾಕಾರ ಮಳೆ. ಐವತ್ತು ಅರುವತ್ತು ಕಿಲೋಮೀಟರು ಪೂರ್ವಕ್ಕೆ ಬಂದರೆ ಮಳೆನೆರಳಿನ ಬೆಂಗಾಡು. ಮೇಲಿನ ನೀರನ್ನು ಹಿಡಿದು ಕೆಳಗಿನ ಹೊಲಕ್ಕೆ ಕೊಂಡೊಯ್ಯುವುದೊಂದೇ ಉಪಾಯವಾಗಿತ್ತು.

ಈ ಕೆಲಸದ ಕಥೆಯಲ್ಲಿ ಒಬ್ಬ ಕನ್ನಡಿಗ ಬರುತ್ತಾನೆ. ಪುಣೆಯಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದಾಗ ಅವರಿಗೆ ಸಿಕ್ಕ ಮೊದಲ ಊರು ನಾಸಿಕ. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ಬಳಿಕ ನೆರೆಯ ಖಾನದೇಶದಲ್ಲಿ ಪಾಂಝರಾ ನದಿಯ ತಳದಡಿ ಕೊಳವೆಯಲ್ಲಿ ನೀರನ್ನು ದಾಟಿಸುವ ಕೆಲಸವನ್ನು ಮಾಡಿದರು. ಮುಂದೆ ಪುಣೆಯಲ್ಲಿದ್ದಾಗ ದಖ್ಖನ್ನಿನ ಕಾಲುವೆಗಳಿಗೆ ಅವರು ರೂಪಿಸಿಕೊಟ್ಟದ್ದು ಬ್ಲಾಕ್ ಪದ್ಧತಿ. ಕಾಲುವೆಯ ಬುಡದ ನಾಲ್ಕಾರು ಹಳ್ಳಿಗಳೇ ಕಬ್ಬು ಬೆಳೆದು ನೀರನ್ನೆಲ್ಲ ಕುಡಿದುಬಿಡದಂತೆ, ಹೊಲಗಳನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯ ಮೇಲೆ ಬದಲಿಸಿ, ಹೆಚ್ಚು ಹಳ್ಳಿಗಳಿಗೆ ನೀರು ಹರಡುವ ಕ್ರಮವದು. ಕೃಷ್ಣರಾಜಸಾಗರದ ಶಿಲ್ಪಿಯನ್ನು ಬಲ್ಲ ನಾವು ನಾಸಿಕದ ಆ ತರುಣನನ್ನು ಮರೆತಿದ್ದೇವೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಾಸಿಕದ ಕೆಳಗೆ, ಕಾದವಾ ನದಿ ಗೋದಾವರಿಯನ್ನು ಕೂಡುವ ನಾಂದೂರ್ ಮಧ್ಯಮೇಶ್ವರದಲ್ಲಿ, ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಎದ್ದಿತು. ಅದಕ್ಕೆ ನೀರೂಡಲು ದಾರಣಾ ನದಿಯ ಅಣೆಕಟ್ಟು 1916ರಲ್ಲಿ ಮುಗಿಯಿತು. ಒಡ್ಡಿನ ಎರಡು ತುದಿಗಳಿಂದ ಎಡದಂಡೆ, ಬಲದಂಡೆ ಎಂಬ ಎರಡು ಕಾಲುವೆಗಳು ಕೋಪರಗಾಂವ್, ರಾಹತಾ ಕಡೆಗೆ ಹೊರಟವು. ಬಹಳ ಕಾಲದ ಮೇಲೆ ಅದೇ ಜಾಗದಿಂದ ಇನ್ನೊಂದು ವೇಗದ ಕಾಲುವೆ ಹೊರಟು, ಸಂಭಾಜಿನಗರ ಜಿಲ್ಲೆಯ ವೈಜಾಪುರ, ಗಂಗಾಪುರ ತಾಲೂಕುಗಳನ್ನು ಮುಟ್ಟಿತು. ಒಡ್ಡಿನ ಹಿಂದೆ ನಿಂತ ಹಿನ್ನೀರಿನಲ್ಲಿ ಹೂಳು ತುಂಬಿ, ಜೊಂಡು ಬೆಳೆದು, ಹಕ್ಕಿಗಳು ನೆಲೆಸಿದವು. 2020ರ ಜನವರಿಯಲ್ಲಿ ಆ ತಾಣ ಮಹಾರಾಷ್ಟ್ರದ ಮೊದಲ ರಾಮ್ಸಾರ್ ಜೌಗುನೆಲವೆಂದು ಪ್ರಕಟವಾಯಿತು.

ಕಾಲುವೆಯೊಂದಿಗೆ ಅದರ ಏರಿಯೂ ಬಂತು. ಅಗೆದ ಮಣ್ಣನ್ನು ಪಕ್ಕಕ್ಕೆ ಸುರಿದು, ತುಳಿದು ಗಟ್ಟಿಮಾಡಿ, ಮೇಲೆ ಒಂದು ಗಾಡಿ ಹೋಗುವಷ್ಟು ಅಗಲದ ದಾರಿಯನ್ನು ಬಿಡುವುದು ಕ್ರಮ. ನೀರಿನ ಮಟ್ಟ ನೋಡಲು, ತೂಬುಗಳನ್ನು ತೆರೆದು ಮುಚ್ಚಲು, ಏಡಿ ಇಲಿಗಳು ಕೊರೆದ ಬಿಲವನ್ನು ಮುಚ್ಚಿಸಲು ಅದು ಬೇಕೇಬೇಕು. ನೀರು ಸಮವಾಗಿ ಹರಿಯಬೇಕಾದ್ದರಿಂದ ಕಾಲುವೆ ನೆಲದ ಮಟ್ಟವನ್ನೇ ಅನುಸರಿಸಿ ಬಳುಕುತ್ತ ಸಾಗುತ್ತದೆ. ಪಕ್ಕದ ದಾರಿಗೂ ಏರು ತಗ್ಗು ಇಲ್ಲ. ಸೈಕಲ್ಲು ತುಳಿಯುವವನು ಬಯಸುವ ಗುಣವೆಲ್ಲ ಅದರಲ್ಲಿದೆ. ನಮ್ಮ ಕೆರೆಗಳ ನೀರುಗಂಟಿ ಇಲ್ಲಿ ಪಾಟಕರಿ; ಮರಾಠಿಯಲ್ಲಿ ಪಾಟ ಎಂದರೆ ಕಾಲುವೆ. ಸಾಹೇಬರು ಕುದುರೆಯ ಮೇಲೆ ಹೋದ ದಾರಿಯಲ್ಲಿ ಪಾಟಕರಿ ನಡೆದು ಹೋದ. ಸೈಕಲ್ಲು ಕೈಗೆಟುಕಿದ ಮೇಲೆ ಸೈಕಲ್ಲಿನಲ್ಲಿ ಹೋದ.

ಸೈಕಲ್ಲು ಕೈಗೆಟುಕಲು ಸ್ವಾತಂತ್ರ್ಯ ಬರಬೇಕಾಯಿತು. ಅದುವರೆಗೆ ನಮ್ಮ ಹೆಚ್ಚಿನ ಸೈಕಲ್ಲುಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿದ್ದವು. ಊರಿನಲ್ಲಿ ಮೇಷ್ಟರ ಬಳಿಯೋ ವಕೀಲರ ಬಳಿಯೋ ಒಂದಿರುತ್ತಿತ್ತು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಕೆಲಸ ಆರಂಭಿಸಿದ ಮೇಲೆ ಸೈಕಲ್ಲು ಹಳ್ಳಿಗೆ ಇಳಿಯಿತು. ಅದೇ ಹೊತ್ತಿಗೆ, 1950ರಲ್ಲಿ, ಗೋದಾವರಿಯ ಉಪನದಿ ಪ್ರವರೆಯ ಬಯಲಿನ ಲೋಣಿಯಲ್ಲಿ ವಿಠ್ಠಲರಾವ್ ವಿಖೆ ಪಾಟೀಲರು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರ ಮಾರ್ಗದರ್ಶನದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದರು. ಬಯಲಿನಲ್ಲಿ ಹಣ ಓಡಾಡತೊಡಗಿತು, ಜೊತೆಗೆ ಸೈಕಲ್ಲೂ ಓಡಾಡತೊಡಗಿತು. ಹಿಂದಿನ ಕ್ಯಾರಿಯರಿಗೆ ಹಾಲಿನ ಕ್ಯಾನು, ಹ್ಯಾಂಡಲಿಗೆ ಬುತ್ತಿ, ಮುಂದಿನ ಕಂಬಿಯ ಮೇಲೆ ಮಗು. ಪುರಸಭೆಯ ಹಿತ್ತಾಳೆ ಬಿಲ್ಲೆ, ಡೈನಮೊ ದೀಪ, ಡಬಲ್ ರೈಡಿಂಗಿಗೆ ಪೊಲೀಸರ ದಂಡ ಇವೆಲ್ಲ ಧಾರವಾಡದಲ್ಲಿ ಹೇಗೋ ನಾಸಿಕದಲ್ಲೂ ಹಾಗೆಯೇ. ಸೈಕಲ್ಲು ನಮ್ಮಲ್ಲಿ ದುಡಿಮೆಯ ಸಂಗಾತಿ. ಸುಮ್ಮನೆ ನಾಡು ನೋಡಲು ಅದರ ಮೇಲೆ ಹೊರಡುವುದು ಸಿರಿವಂತರ ಹುಚ್ಚೆಂದೇ ಜನ ತಿಳಿದಿದ್ದರು.

ಆದರೂ ನಿಧಾನವಾಗಿ ನಾಡು ನೋಡುವ ಪರಂಪರೆಗೆ ಇಲ್ಲಿ ಕೊರತೆಯಿರಲಿಲ್ಲ. ಆಷಾಢ ಬಂದರೆ ಪೈಠಣದಿಂದ ಸಂತ ಏಕನಾಥರ ಪಾಲಖಿ ಪಂಢರಪುರಕ್ಕೆ ನಡೆದು ಹೊರಡುತ್ತದೆ. ಆ ವಿಠ್ಠಲನನ್ನು ಮರಾಠಿ ಸಂತರು ಕನ್ನಡದವನೆಂದು ಕರೆದರು. ನಮ್ಮ ಪುರಂದರದಾಸರು ಅವನ ಹೆಸರನ್ನು ತಮ್ಮ ಅಂಕಿತದಲ್ಲಿಟ್ಟುಕೊಂಡರು. ಈಗ ನಾಸಿಕದ ಸೈಕಲ್ ಸವಾರರು ಆಷಾಢಕ್ಕೆ ಮುನ್ನ ಗುಂಪಾಗಿ ಪಂಢರಪುರಕ್ಕೆ ಸೈಕಲ್ ವಾರಿ ಹೊರಡುತ್ತಾರೆ. ಈ ಊರಿಗೆ ಸೈಕಲ್ಲಿನಲ್ಲಿ ಹೆಸರೂ ಇದೆ. ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ಸುಮಾರು 4,800 ಕಿಲೋಮೀಟರು ದಾಟುವ ಕಠಿಣ ಸ್ಪರ್ಧೆಯನ್ನು 2015ರಲ್ಲಿ ಇಬ್ಬರ ತಂಡವಾಗಿ ಮುಗಿಸಿದವರು ನಾಸಿಕದ ವೈದ್ಯ ಸೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್. ಅದನ್ನೇ 2017ರಲ್ಲಿ ಒಂಟಿಯಾಗಿ ಮುಗಿಸಿದ ಮೊದಲ ಭಾರತೀಯ, ನಾಸಿಕದಲ್ಲಿದ್ದ ಸೇನಾ ವೈದ್ಯ ಶ್ರೀನಿವಾಸ ಗೋಕುಲನಾಥ್. ಅವರದು ವೇಗದ ಸಾಧನೆ. ನಮ್ಮ ವಿಚಾರ ನಿಧಾನದ್ದು.

ನಿಧಾನವಾಗಿ ಸಾಗುವವನಿಗೆ ಈ ಬಯಲು ಏನನ್ನು ಕೊಡುತ್ತದೆ? ನಾಸಿಕದ ರಾಮಕುಂಡದ ಬಳಿ ನೀರಿನಲ್ಲಿ ನಿಂತ ಎರಡು ಮುಖದ ಮಾರುತಿಯಿದ್ದಾನೆ. ನೆರೆ ಬಂದಾಗ ನೀರು ಅವನ ಎಲ್ಲಿಯವರೆಗೆ ಏರಿತು ಎಂಬುದೇ ಊರಿನವರ ಅಳತೆಗೋಲು. ದಕ್ಷಿಣಕ್ಕೆ ಸಿನ್ನರ್. ಅಲ್ಲಿನ ಗೋಂದೇಶ್ವರ ದೇಗುಲ ಸೇವುಣರ ಕಾಲದ ಹಿರಿಮೆಯನ್ನು ಸಾರುತ್ತದೆ. ಸೇವುಣರು ಈ ಸಿನ್ನರಿನ ಸೀಮೆಯಲ್ಲಿ ಬೆಳೆದು, ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಐದನೆಯ ಭಿಲ್ಲಮನ ಕಾಲಕ್ಕೆ ದೇವಗಿರಿಯನ್ನು ರಾಜಧಾನಿ ಮಾಡಿಕೊಂಡವರು. ಕರ್ನಾಟಕದಲ್ಲಿ ಅವರ ಕನ್ನಡ ಶಾಸನಗಳು ಹೇರಳವಾಗಿವೆ. ಇಂದಿನ ನಾಸಿಕ ಜಿಲ್ಲೆಯಿಂದ ಇಂದಿನ ಸಂಭಾಜಿನಗರ ಜಿಲ್ಲೆಗೆ ಒಂದು ರಾಜವಂಶ ಸರಿದ ದಾರಿಯೂ ಈ ಬಯಲೇ.

ನಾಂದೂರಿನಿಂದ ಕೆಳಗೆ ಕೋಪರಗಾಂವ್. ಪೇಶ್ವೆ ರಘುನಾಥರಾಯ ತನ್ನ ಕೊನೆಯ ದಿನಗಳನ್ನು ಕಳೆದು 1783ರಲ್ಲಿ ತೀರಿಕೊಂಡ ಊರು. ಆಮೇಲೆ ಚಾಂಗದೇವರ ಸಮಾಧಿಯಿರುವ ಪುಣತಾಂಬಾ. ಇನ್ನೂ ಮುಂದೆ ಟೋಕಾ ಬಳಿ ಪ್ರವರೆಯ ಸಂಗಮ. ಪ್ರವರೆಯ ದಂಡೆಯ ನೇವಾಸದಲ್ಲಿ ಕುಳಿತು ಜ್ಞಾನೇಶ್ವರರು 1290ರಲ್ಲಿ ಭಗವದ್ಗೀತೆಗೆ ಮರಾಠಿಯಲ್ಲಿ ಭಾಷ್ಯ ಹೇಳಿದರು. ಆಗ ದೇವಗಿರಿಯಲ್ಲಿ ಸೇವುಣರ ಆಳ್ವಿಕೆ. ಕೊನೆಗೆ ಪೈಠಣ, ಹಿಂದಿನ ಪ್ರತಿಷ್ಠಾನ, ಶಾತವಾಹನರ ರಾಜಧಾನಿ. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಕೈಪಿಡಿ, ಭರೂಚ್ ಬಂದರಿನಿಂದ ದಕ್ಷಿಣಕ್ಕೆ ಇಪ್ಪತ್ತು ದಿನಗಳ ಪಯಣದಲ್ಲಿ ಪೈಠಣವೂ, ಅಲ್ಲಿಂದ ಪೂರ್ವಕ್ಕೆ ಹತ್ತು ದಿನಗಳಲ್ಲಿ ತಗರವೂ ಸಿಗುತ್ತವೆಂದೂ, ಸರಕು ಗಾಡಿಗಳ ಮೇಲೆ ಬರುತ್ತದೆಂದೂ ಹೇಳುತ್ತದೆ. ಎತ್ತಿನ ಗಾಡಿಯ ದಿನಗಳಲ್ಲಿ ದೂರವನ್ನು ಅಳೆದ ಲೆಕ್ಕವದು.

ಪೈಠಣದಿಂದ ಉತ್ತರಕ್ಕೆ ತಿರುಗಿದರೆ ಸಂಭಾಜಿನಗರ, ಅದರಾಚೆ ದೇವಗಿರಿಯ ಕೋಟೆ, ಎಲ್ಲೋರ. ಒಂದನೆಯ ಕೃಷ್ಣನ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಬೆಟ್ಟವನ್ನು ಮೇಲಿನಿಂದ ಕೆಳಗೆ ಕಡಿದು ಮಾಡಿದ ಕೈಲಾಸ ದೇಗುಲ ಅಲ್ಲಿದೆ. ಅದೇ ರಾಷ್ಟ್ರಕೂಟ ವಂಶದ ನೃಪತುಂಗನ ಆಸ್ಥಾನದಲ್ಲಿ, ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಸುಮಾರು ಒಂದು ಶತಮಾನದ ಬಳಿಕ ಕವಿರಾಜಮಾರ್ಗ ಹುಟ್ಟಿತು. ಗೋದಾವರಿಯನ್ನು ಎಲ್ಲೆಯೆಂದ ಗ್ರಂಥ ಆ ನದಿಯನ್ನು ಕೇಳಿ ತಿಳಿದದ್ದಲ್ಲ. ಅದರಾಚೆ ಕಲ್ಲು ಕಡಿಸಿದ ಮನೆತನದ ಆಸರೆಯಲ್ಲಿ ಹುಟ್ಟಿದ್ದು. ಎಲ್ಲೆ ಎಂಬುದು ಆಗ ಬೇಲಿಯಾಗಿರಲಿಲ್ಲ. ಕನ್ನಡವೂ ಮರಾಠಿಯ ಪೂರ್ವರೂಪವೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ನೆಲವೇ ಎಲ್ಲೆಯಾಗಿತ್ತೆಂದು ತಿಳಿಯುವುದು ಸರಿ. ಇಂದು ಎರಡು ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗೆ ಇದು ಪುಸ್ತಕದ ಮಾತಲ್ಲ, ದಿನದ ಅನುಭವ.

ಪೈಠಣದಲ್ಲಿ ನದಿಯ ದಾರಿ ಮುರಿಯುತ್ತದೆ. 1965ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಜಾಯಕವಾಡಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. 1976ರ ಫೆಬ್ರವರಿಯಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಸುಮಾರು ಹತ್ತು ಕಿಲೋಮೀಟರು ಉದ್ದದ ಮಣ್ಣಿನ ಗೋಡೆ, ಇಪ್ಪತ್ತೇಳು ಬಾಗಿಲು, ಹಿಂದೆ ಐವತ್ತು ಕಿಲೋಮೀಟರಿಗೂ ಉದ್ದವಾಗಿ ಚಾಚಿದ ನಾಥಸಾಗರ. ಚಪ್ಪಟೆ ನೆಲದಲ್ಲಿ ನೀರು ನಿಲ್ಲಿಸಿದರೆ ಅದು ಆಳಕ್ಕಿಂತ ಅಗಲಕ್ಕೆ ಹರಡುತ್ತದೆ; ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಮರಾಠವಾಡೆಯ ಬರಡು ನೆಲಕ್ಕೆ ಎಡದಂಡೆಯಲ್ಲಿ 208, ಬಲದಂಡೆಯಲ್ಲಿ 132 ಕಿಲೋಮೀಟರು ಉದ್ದದ ಕಾಲುವೆಗಳು ಬಂದವು. ಹಳ್ಳಿಯಿಂದ ಹಳ್ಳಿಗೆ ದಂಡೆಯಲ್ಲೇ ಸಾಗುತ್ತಿದ್ದ ಹಳೆಯ ಜಾಡುಗಳು ನೀರಿನಡಿ ಹೋದವು. ಹೊಸ ಏರಿಯ ಮೇಲೆ ಹೊಸ ದಾರಿಗಳು ಹುಟ್ಟಿದವು. ಮುಳುಗಿದವರೂ ನೀರು ಪಡೆದವರೂ ಬೇರೆ ಬೇರೆ ಜನ ಎಂಬುದನ್ನು ಆಲಮಟ್ಟಿಯ ಹಿನ್ನೀರನ್ನು ಬಲ್ಲ ಬಾಗಲಕೋಟೆಯವರಿಗೆ ವಿವರಿಸಬೇಕಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ನಾಸಿಕದ ಅಣೆಕಟ್ಟುಗಳಿಂದ ಪೈಠಣಕ್ಕೆ ಎಷ್ಟು ನೀರು ಬಿಡಬೇಕೆಂಬ ವ್ಯಾಜ್ಯ ಇಂದಿಗೂ ಏಳುತ್ತದೆ. ನಾವು ತಮಿಳುನಾಡಿನೊಂದಿಗೆ ಆಡುವ ಜಗಳವನ್ನು ಇಲ್ಲಿ ಒಂದೇ ರಾಜ್ಯದ ಎರಡು ಸೀಮೆಗಳು ಆಡುತ್ತವೆ.

ಈಗ ದಾರಿಗಳ ಪಾಡು. ಮುಂಬಯಿ ಮತ್ತು ನಾಗಪುರದ ನಡುವೆ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ 2022ರ ಡಿಸೆಂಬರಿನಿಂದ ಹಂತಹಂತವಾಗಿ ತೆರೆದು, 2025ರ ಜೂನಿನಲ್ಲಿ ಪೂರ್ಣವಾಯಿತು. ನಾಸಿಕ, ಸಂಭಾಜಿನಗರ ಎರಡೂ ಜಿಲ್ಲೆಗಳನ್ನು ಅದು ಹಾಯುತ್ತದೆ. ಅದರ ಮೇಲೆ ಬೈಕಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಅಂಥ ವೇಗದ ರಸ್ತೆಗೆ ಅದು ನ್ಯಾಯವೇ. ಆದರೆ ವೇಗದ ದಾರಿಯನ್ನು ವೇಗದವರಿಗೆ ಮೀಸಲಿಟ್ಟ ಮೇಲೆ, ನಿಧಾನದ ದಾರಿಯನ್ನು ನಿಧಾನದವರಿಗೆ ಮೀಸಲಿಡಬೇಕಲ್ಲವೆ? ಹಾಗಾಗುತ್ತಿಲ್ಲ. ಇಟಲಿಯಲ್ಲಿರುವಂತೆ ಫಲಕ ಹಾಕಿ ಗುರುತಿಸಿದ ಸೈಕಲ್ ದಾರಿ ಗೋದಾವರಿಯ ಕಾಲುವೆಗಳ ಮೇಲಿಲ್ಲ. ಏರಿಗೆ ಡಾಂಬರು ಬಿದ್ದ ಕಡೆ ಕಾರು ಟ್ರಾಕ್ಟರುಗಳಿಗೆ ಅದು ಅಡ್ಡದಾರಿಯಾಗುತ್ತದೆ. ಡಾಂಬರು ಬೀಳದ ಕಡೆ ಜಾಲಿ ಬೆಳೆದು ದಾರಿಯೇ ಮುಚ್ಚುತ್ತದೆ.

ಕಾಲುವೆಯ ಏರಿ ಮೋಟಾರಿಗೆಂದು ಕಟ್ಟಿದ್ದಲ್ಲ ಎಂಬುದನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯೇ ಸಾಕ್ಷಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ತಡೆಗೋಡೆ ಕಟ್ಟಬೇಕೆಂಬ ಕೂಗು ಎದ್ದಿತು. ಆ ಕೂಗು ಸರಿಯಾದದ್ದೇ. ಅದರ ಜೊತೆಗೆ, ಯಾವ ದಾರಿಯಲ್ಲಿ ಯಾವ ವಾಹನ ಹೋಗಬೇಕು ಎಂಬ ಮೊದಲ ಪ್ರಶ್ನೆಯನ್ನೂ ಕೇಳಬೇಕಿತ್ತು.

ಇದಕ್ಕೊಂದು ಆಕ್ಷೇಪ ಬರುವುದು ಸಹಜ. ಏರಿಯ ದಾರಿ ರೈತನಿಗೆ ಹೊಲಕ್ಕೆ ಹೋಗುವ ಒಂದೇ ದಾರಿ. ಚಳಿಗಾಲದಲ್ಲಿ ಬೀಡ್ ಜಿಲ್ಲೆಯಿಂದ ಬರುವ ಕಬ್ಬು ಕಡಿಯುವವರ ಗಾಡಿಗಳೂ ಅದರ ಮೇಲೆಯೇ ಸಾಗಬೇಕು. ಪಟ್ಟಣದ ನಾಲ್ಕು ಜನ ಹಕ್ಕಿ ನೋಡುತ್ತ ಸೈಕಲ್ಲು ತುಳಿಯಲೆಂದು ಅದನ್ನು ಮುಚ್ಚುವುದು ಅನ್ಯಾಯ. ಇಟಲಿಯವರು ಈ ಗಂಟನ್ನು ಸರಳವಾಗಿ ಬಿಡಿಸಿದ್ದಾರೆ. ಒಡ್ಡಿನ ದಾರಿಗೆ ಸಾರ್ವಜನಿಕ ಮೋಟಾರು ಬರುವಂತಿಲ್ಲ. ಪಕ್ಕದ ಹೊಲದವರಿಗೂ ಬೇಸಾಯದ ವಾಹನಗಳಿಗೂ ಅಡ್ಡಿಯಿಲ್ಲ. ಹಾಯ್ದು ಹೋಗುವ ದಟ್ಟಣೆ ಮಾತ್ರ ಹೊರಗೆ. ಹೀಗೆ ಮಾಡಲು ದೊಡ್ಡ ಯೋಜನೆ ಬೇಕಿಲ್ಲ: ಎರಡು ತುದಿಗೆ ಸರಪಳಿ, ಊರಿನವರ ಕೈಯಲ್ಲಿ ಅದರ ಬೀಗ, ಒಂದು ಫಲಕ. ಇದರಿಂದ ಮೊದಲು ಲಾಭ ಪಡೆಯುವವರು ಪ್ರವಾಸಿಗಳಲ್ಲ. ಹೆದ್ದಾರಿಯ ಅಂಚಿನಲ್ಲಿ ಲಾರಿಗಳಿಗೆ ಹೆದರುತ್ತ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿಯರು. ಕರ್ನಾಟಕ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ಆರಂಭಿಸಿತು. ಮಹಾರಾಷ್ಟ್ರ ಹಿಂದುಳಿದ ತಾಲೂಕುಗಳ ಹುಡುಗಿಯರಿಗೆ ಕೊಟ್ಟಿತು. ಎರಡು ರಾಜ್ಯಗಳೂ ಸೈಕಲ್ಲು ಕೊಟ್ಟವು, ದಾರಿ ಕೊಡುವುದನ್ನು ಮರೆತವು.

2027ರಲ್ಲಿ ನಾಸಿಕದಲ್ಲಿ ಮತ್ತೆ ಕುಂಭಮೇಳ. ಅದರ ನಿಮಿತ್ತ ನಮ್ಮಲ್ಲಿ ಹಲವರು ಗೋದಾವರಿಯ ಕಡೆ ಬರುವವರಿದ್ದೀರಿ. ಜಾತ್ರೆಯ ದಟ್ಟಣೆ ಕಳೆದ ಮೇಲೆ ಒಂದೆರಡು ದಿನ ಉಳಿದು ನಾಂದೂರಿನ ಕೆಳಗಣ ಏರಿಯನ್ನು ಹಿಡಿಯಬಹುದು. ಮಳೆಗಾಲ ಬೇಡ, ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡರೆ ಸೈಕಲ್ಲನ್ನು ಹೊತ್ತೇ ನಡೆಯಬೇಕು. ನವೆಂಬರಿನಿಂದ ಜನವರಿಯವರೆಗೆ ಹಿತವಾದ ಕಾಲ. ಜಾಲಿಮುಳ್ಳಿಗೆ ಪಂಕ್ಚರ್ ಸಾಮಾನು ಜೊತೆಗಿರಲಿ. ಹಿಂಗಾರಿನ ಬೆಳೆಗೆ ಸರದಿಯ ನೀರು ಬಿಟ್ಟ ವಾರ ಸಿಕ್ಕರೆ ಒಂದು ಪಕ್ಕದಲ್ಲಿ ತುಂಬಿದ ಕಾಲುವೆ, ಇನ್ನೊಂದು ಪಕ್ಕದಲ್ಲಿ ಗೋಧಿ ಕಡಲೆಯ ಹೊಲ. ದಾರಿಯಲ್ಲಿ ಪಾಟಕರಿ ಎದುರಾದರೆ ನಿಂತು ಮಾತನಾಡಿಸಿ: ಯಾವ ತೂಬಿಗೆ ಎಷ್ಟು ದಿನ ನೀರು, ಬಾಲದ ಹಳ್ಳಿಗೆ ಅದು ತಲುಪುತ್ತದೆಯೋ ಇಲ್ಲವೋ ಎಂದು ಕೇಳಿ. ನಾಸಿಕಕ್ಕೆ ಬಂದ ಆ ತರುಣ ಎಂಜಿನಿಯರು ಮುಂದೆ ತನ್ನ ಬ್ಲಾಕ್ ಪದ್ಧತಿಯಲ್ಲಿ ಉತ್ತರ ಹುಡುಕಿದ್ದು ಈ ಪ್ರಶ್ನೆಗೇ.